ಹುಬ್ಬಳ್ಳಿಯಿಂದ ಮೈಸೂರಿಗೆ ಎಷ್ಟು ಹೊತ್ತು

ಹುಬ್ಬಳ್ಳಿಯ ಕೆರೆಯೊಂದರಲ್ಲಿ ತಂಗಿದ್ದ ಹೆಬ್ಬಾತುಗಳ ಹಿಂಡಿಗೆ ಆ ವರ್ಷ ಹೊಸ ನಾಯಕ. ಅವನು ವಿಮಾನ ನಿಲ್ದಾಣದ ಚಾವಣಿಯಲ್ಲಿದ್ದ ಪಾರಿವಾಳವನ್ನು ಕೇಳಿದ: "ಮೈಸೂರಿಗೆ ಎಷ್ಟು ಹೊತ್ತಿನ ದಾರಿ?"

"ವಿಮಾನ ಒಂದು ಗಂಟೆಯಲ್ಲಿ ಮುಟ್ಟುತ್ತದೆ" ಎಂದಿತು ಪಾರಿವಾಳ.

ನಾಯಕ ಹಿಂಡಿಗೆ ಮರಳಿ, "ಒಂದೇ ಗಂಟೆ, ಏಳಿ" ಎಂದ. ರೆಕ್ಕೆ ನೋಯುತ್ತಿದ್ದ ಅಜ್ಜಿಬಾತು, "ಒಂದು ಗಂಟೆಯಾದರೆ ಬರುತ್ತೇನೆ ಮಗಾ" ಎಂದು ಎಲ್ಲರೊಂದಿಗೆ ಹಾರಿದಳು.

ಮೂರು ಗಂಟೆ ಕಳೆದರೂ ಮೈಸೂರು ಕಾಣಲಿಲ್ಲ. ಅಜ್ಜಿ ಹಿಂದಿನಿಂದ "ಇನ್ನೆಷ್ಟು?" ಎಂದಾಗಲೆಲ್ಲ ನಾಯಕ "ಇನ್ನೇನು, ಬಂತು" ಎನ್ನುತ್ತಿದ್ದ. ಕೊನೆಗೆ ಅವಳು ಕೇಳುವುದನ್ನು ನಿಲ್ಲಿಸಿ ಒಂದು ಬಯಲಿಗೆ ಇಳಿದುಬಿಟ್ಟಳು. ನಾಯಕ ಹಿಂಡನ್ನು ಮುಂದೆ ಕಳಿಸಿ ಅವಳ ಪಕ್ಕ ಕೂತ.

"ಹಿಂಡಿಗೆ ನೀನು ಬೇಕು, ಹೋಗು" ಎಂದಳು ಅಜ್ಜಿ. ಅವನು ಹೋಗಲಿಲ್ಲ. ಮರುದಿನ ಅವಳು ಏಳಲಿಲ್ಲ.

ಮೂರನೆಯ ದಿನ ನಾಯಕ ಒಬ್ಬನೇ ಮೈಸೂರಿನ ಕೆರೆಗೆ ಇಳಿದ. ಹಿಂಡು ಸುತ್ತ ನೆರೆಯಿತು. "ಎಷ್ಟು ಹೊತ್ತೆಂದು ವಿಚಾರಿಸಿಯೇ ಹೊರಟಿದ್ದೆಯಲ್ಲ?" ಎಂದಿತು ಒಂದು ಬಾತು.

"ಪಾರಿವಾಳವನ್ನು ಕೇಳಿದೆ" ಎಂದ ನಾಯಕ. "ಎಷ್ಟು ಹೊತ್ತು ಹಾರಬಲ್ಲೆ ಎಂದು ಅಜ್ಜಿಯನ್ನು ಕೇಳಲಿಲ್ಲ."