ಬೋರಲಿಂಗ ಸ್ಟೀರಿಯೊ ಕೂರಿಸಿದ್ದು

ಸಾಕಮ್ಮನಿಗೆ ಇದ್ದದ್ದು ಒಂದು ಹಳೇ ಅಂಬಾಸಿಡರು, ಒಬ್ಬ ಮಗ. ಅಂಬಾಸಿಡರಿಗಾದರೂ ತಳ್ಳಿದರೆ ಮುಂದೆ ಹೋಗುವಷ್ಟು ಬುದ್ಧಿ ಇತ್ತು. ಮಗ ಬೋರಲಿಂಗನಿಗೆ ಮೂವತ್ತು ತುಂಬಿದ್ದರೂ ಹೇಳಿದ್ದನ್ನು ಹೇಳಿದ ಹಾಗೇ ಮಾಡುವುದು ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ.

ಇಪ್ಪತ್ತು ವರ್ಷ ಇಡ್ಲಿ ಬೇಯಿಸಿ ಮಾರಿದ ದುಡ್ಡಲ್ಲಿ ಕೊಂಡ ಕಾರು ಅದು. ಬಾಡಿಗೆಗೆ ಓಡಿಸುವವಳೂ ಅವಳೇ. ಗುರುವಾರ ಮದುವೆಹೆಣ್ಣನ್ನು ಛತ್ರಕ್ಕೆ ಕರೆದೊಯ್ಯಬೇಕು. "ದಾರಿಯುದ್ದಕ್ಕೂ ಹಾಡಿರಬೇಕು. ಇಲ್ಲಾಂದ್ರೆ ಬಸವಯ್ಯನ ಗಾಡಿ ಕರೀತೀವಿ," ಅಂದಿದ್ದ ಹೆಣ್ಣಿನ ಸೋದರಮಾವ. ಬಸವಯ್ಯ ಅಂದರೆ ಸಾಕಮ್ಮನ ಮೈ ಉರಿಯುತ್ತಿತ್ತು. ಹೆಂಗಸಿಗ್ಯಾಕೆ ಕಾರು ಅಂತ ಬಸ್ ಸ್ಟ್ಯಾಂಡಿನಲ್ಲಿ ನಕ್ಕವನು ಅವನೇ.

"ಲೋ ಬೋರ, ಕೆಟ್ಟ ಸ್ಟೀರಿಯೊ ಕಿತ್ತು, ಆ ಜಾಗದ ಅಳತೆ ತಗೊಂಡು ಮಹಬೂಬಣ್ಣನ ಅಂಗಡಿಗೆ ಹೋಗು. ಹೊಸದು ತಾ."

ಬೋರಲಿಂಗ ಎರಡು ಅಂಗೈ ಎದುರುಬದುರು ಹಿಡಿದು ಅಳತೆ ತಗೊಂಡ. ಹಾಗೇ ಕೈ ಚಾಚಿಕೊಂಡು ಪೇಟೆಗೆ ನಡೆದ. ದಾರಿಯಲ್ಲಿ ಮೇಷ್ಟ್ರು ಸಿಕ್ಕರು, ಕೈ ಮುಗಿದ. ಮತ್ತೆ ಕೈ ಅಗಲಿಸಿದ, ಸುಮಾರಾಗಿ. ಅವನು ತಂದ ಸ್ಟೀರಿಯೊ ಜಾಗಕ್ಕಿಂತ ಒಂದು ಗೇಣು ಅಗಲ.

"ಕೈಯಲ್ಲಿ ಅಳತೆ ತರ್ತಾರೇನೋ, ಹೊಟ್ಟೆಗೇನು ತಿಂತೀಯ? ಅದು ಕೂರೋ ಜಾಗಾನೇ ಮಹಬೂಬಣ್ಣನಿಗೆ ತೋರಿಸ್ಬೇಕು."

"ತೋರಿಸ್ತೀನಿ ಬಿಡವ್ವ."

ಗರಗಸ ತಂದ. ಡ್ಯಾಶ್‌ಬೋರ್ಡನ್ನೇ ಕುಯ್ದು, ತಲೆ ಮೇಲೆ ಹೊತ್ತು ಹೋದ. ಪೇಟೆಯೆಲ್ಲ ನಕ್ಕಿತು. ಮಹಬೂಬಣ್ಣ ನಗಲಿಲ್ಲ. ಸರಿಯಾದ ಸ್ಟೀರಿಯೊ ಕೊಟ್ಟು, "ಕೂರಿಸೋಕೆ ನಾನೇ ಬರ್ಲಾ, ಅಮ್ಮನ್ನ ಕೇಳು," ಅಂದ.

"ನನ್ನ ಗಾಡಿಗೆ ಯಾರೂ ಬರೋದು ಬೇಡ," ಅಂದಳು ಸಾಕಮ್ಮ. ಕಾರಿನೊಳಗೆ ಇಣುಕಿದವಳಿಗೆ ರಕ್ತ ತಲೆಗೇರಿತು. "ಗಾಡಿ ಮುಖಾನೇ ಕುಯ್ದ್ಯಲ್ಲೋ, ಹಾಳಾದೋನೆ! ಕೇಳಿಸ್ಕೊ. ನಾಳೇನೇ ಮದುವೆ. ಬೆಳಗಾಗೋ ಅಷ್ಟರಲ್ಲಿ ಎಲ್ಲಾ ಮೊದಲು ಹೇಗಿತ್ತೋ ಹಾಗೇ ಇರಬೇಕು. ಒಂದು ಕೂದಲೆಳೆ ವ್ಯತ್ಯಾಸ ಕಂಡ್ರೆ ಮನೆಗೆ ಸೇರಿಸಲ್ಲ."

ಬೆಳಿಗ್ಗೆ ಡ್ಯಾಶ್‌ಬೋರ್ಡು ಸ್ವಸ್ಥಾನದಲ್ಲಿತ್ತು. ಮೇಲೆ ಸೇವಂತಿಗೆ ಹಾರ ಇಳಿಬಿದ್ದಿತ್ತು. ಸಾಕಮ್ಮ ರೇಷ್ಮೆ ಸೀರೆ ಉಟ್ಟು ಸ್ಟೀರಿಂಗ್ ಹಿಡಿದಳು, ಬೋರಲಿಂಗ ಪಕ್ಕದಲ್ಲಿ ಕೂತ. ಮದುವೆಮನೆಯಲ್ಲಿ ಹೆಣ್ಣು ಹತ್ತಿದಳು.

"ಹಾಕಿ ಹಾಡು," ಅಂದ ಸೋದರಮಾವ.

ಸಾಕಮ್ಮ ಹಾರದಡಿ ಕೈ ಹಾಕಿ ಗುಂಡಿ ಒತ್ತಿದಳು. ಸದ್ದಿಲ್ಲ. ಮತ್ತೆ ಒತ್ತಿದಳು. ಹಾರ ಸರಿಸಿದರೆ ಅದೇ ಹಳೇ ಸ್ಟೀರಿಯೊ.

"ಹೊಸದೆಲ್ಲೋ?"

"ವಾಪಸ್ ಕೊಟ್ಟು ಬಂದೆ. ಮೊದಲು ಹೊಸದು ಇರ್ಲಿಲ್ವಲ್ಲವ್ವ."

ಸೋದರಮಾವ ಫೋನ್ ತೆಗೆದ. ಹೆಣ್ಣು ನೆರಿಗೆ ಎತ್ತಿಕೊಂಡು ಇಳಿದಳು. ಬಸವಯ್ಯನ ಗಾಡಿ ಹಾಡು ಹಾಕಿಕೊಂಡೇ ಬಂತು, ಹೆಣ್ಣನ್ನು ಕೂರಿಸಿಕೊಂಡು ಹಾಡು ಹಾಕಿಕೊಂಡೇ ಹೋಯಿತು.

ಸಾಕಮ್ಮ ಹಲ್ಲು ಕಚ್ಚಿ ಮಗನನ್ನೇ ನೋಡಿದಳು. ಅವ್ವನಿಗೆ ಇನ್ನೂ ಅನುಮಾನ ಅಂದುಕೊಂಡ ಬೋರಲಿಂಗ.

"ಒಂದು ಕೂದಲೆಳೆ ವ್ಯತ್ಯಾಸ ಇಲ್ಲ ಕಣವ್ವ. ಕೀಳೋವಾಗ ಒಳಗೆ ಒಂದು ಸತ್ತ ಜಿರಳೆ ಇತ್ತು, ಎಸೆದಿದ್ದೆ. ತಿಪ್ಪೇಲಿ ಹುಡುಕಿ ಅದನ್ನೂ ಅಲ್ಲೇ ಇಟ್ಟಿದೀನಿ."