ಗಿರಮಲ್ಲ ತಂದ ಗಾಲಿ

ಚಂದವ್ವನ ಮಗ ಗಿರಮಲ್ಲ ತಾಯಿಯ ಮಾತು ಮೀರಿದವನಲ್ಲ. ಅವಳ ಕಷ್ಟವೆಲ್ಲ ಅಲ್ಲಿಂದಲೇ ಶುರುವಾಗುತ್ತಿತ್ತು.

ಮನೆಯಲ್ಲಿ ತೀರಿಕೊಂಡ ಗಂಡನ ಹಳೇ ರೇಸ್ ಸೈಕಲ್ಲಿತ್ತು. ಬರುವ ಭಾನುವಾರ ಮಗಳು ತಂಗೆವ್ವ ಅದನ್ನೇ ತುಳಿದು ವಿಜಯಪುರದ ರೇಸಿನಲ್ಲಿ ಕೋಚ್ ಸಾಹೇಬರ ಕಣ್ಣಿಗೆ ಬಿದ್ದರೆ ಕ್ರೀಡಾ ಹಾಸ್ಟೆಲಿನಲ್ಲಿ ಸೀಟು, ಊಟ, ಓದು. ಇಲ್ಲದಿದ್ದರೆ ತಾಯಿಯ ಜೊತೆ ರೊಟ್ಟಿ ಬಡಿಯುವುದು. ಸೋಮವಾರ ಎಮ್ಮೆ ಸೈಕಲ್ಲಿನ ಹಿಂದಿನ ಗಾಲಿಯ ಮೇಲೆ ಮಲಗಿ ಅದನ್ನು ಸೊಟ್ಟ ಮಾಡಿತು.

"ಈ ಗಾಲಿ ತಗೊಂಡು ದಸ್ತಗೀರಸಾಬನ ಅಂಗಡಿಗೆ ಹೋಗು. ಥೇಟ್ ಇಂಥಾದ್ದ ತಾ. ಕೂದಲೆಳಿ ಫರಕಾಗಬಾರದು" ಅಂದಳು ಚಂದವ್ವ.

ದಸ್ತಗೀರಸಾಬ ಮದುವೆಗೆ ಹೋಗಿದ್ದ. ಅಂಗಡಿಯಲ್ಲಿದ್ದ ಅವನ ಅಳಿಯ ಕೇಳಿದ್ದನ್ನು ಕೊಡುವವನು. ಗಿರಮಲ್ಲ ನೆಟ್ಟಗಿದ್ದ ಗಾಲಿಗಳನ್ನೆಲ್ಲ ಬೇಡವೆಂದು, ಗುಜರಿಯ ರಾಶಿ ಕೆದಕಿ, ಹಪ್ಪಳದಂತೆ ಮುರುಟಿದ್ದೊಂದನ್ನು ತಂದ.

"ಸೊಟ್ಟ ಗಾಲಿ ತಂದಿಯಲ್ಲೋ!"

"ಥೇಟ್ ಇಂಥಾದ್ದ ಅಂದಿದ್ದಿ. ಎರಡು ತಾಸು ಹುಡುಕೀನಬೇ."

"ಗುಂಡಗ ಐತೇನು, ಹೊಸಾದೈತೇನು, ಅಷ್ಟ ನೋಡೋ ಮಾರಾಯ."

ಬುಧವಾರ ಅಷ್ಟೇ ನೋಡಿದ. ಗುಂಡಗಿತ್ತು, ಹೊಸದಿತ್ತು, ಮಕ್ಕಳ ಸೈಕಲ್ಲಿನದಾಗಿತ್ತು. ಹಾಕಿ ನೋಡಿದರೆ ಸೈಕಲ್ಲು ಬಾಗಿಲಲ್ಲಿ ಕೂತ ನಾಯಿಯ ಹಾಗೆ ಕಂಡಿತು.

"ಮುಂದಿಂದು, ಹಿಂದಿಂದು ಸಮ ಇರಬೇಕೋ ಬ್ಯಾಡೋ?" ಅಂದಳು ತಾಯಿ, ಹಣೆ ಹಿಡಿದುಕೊಂಡು.

ಶುಕ್ರವಾರ ಗಿರಮಲ್ಲ ಸಮ ಮಾಡಿಸಿಕೊಂಡು ಬಂದ. ಸರಿಯಿದ್ದ ಮುಂದಿನ ಗಾಲಿಯನ್ನೂ ಗುಜರಿಗೆ ಹಾಕಿ, ಚಿಕ್ಕದರ ಜೋಡಿ ಕೂಡಿಸಿದ್ದ. ಪೆಡಲು ನೆಲ ಕೆರೆಯುತ್ತಿತ್ತು. ಬ್ರೇಕು ಗಾಲಿಗಿಂತ ಗೇಣು ಮೇಲೆ ಗಾಳಿಯನ್ನು ಹಿಡಿಯುತ್ತಿತ್ತು. ತಂಗೆವ್ವ ಹೋಗಿ ಹಿಟ್ಟು ನಾದಲು ಕೂತಳು.

ಶನಿವಾರ ಮದುವೆ ಮುಗಿಸಿ ಬಂದ ದಸ್ತಗೀರಸಾಬ ಸೈಕಲ್ಲು ಬೋರಲು ಹಾಕಿ ಅಳತೆ ನೋಡಿದ. "ಇದರ ಹಳೇ ಅಳತಿ ಗಾಲಿ ಈಗ ಬರೂದಿಲ್ಲ ಚಂದವ್ವಾ. ಈಗಿನ ರೇಸ್ ಗಾಲಿ ಅದಕ್ಕಿಂತ ಒಂದು ಜೋಳದ ಕಾಳಿನಷ್ಟ ಸಣ್ಣದು. ಅದರ ಜೋಡಿ ಹಾಕಿ, ಬ್ರೇಕಿನ ರಬ್ಬರ ಅಷ್ಟ ಕೆಳಗ ಇಳಸ್ತೀನಿ." ಹೇಳಿದಂತೆ ಮಾಡಿದ. ಸೈಕಲ್ಲು ನೆಟ್ಟಗೆ ನಿಂತಿತು. ಹೊರಡುವಾಗ ಗಿರಮಲ್ಲನಿಗೆ ಹೇಳಿದ: "ರೇಸಿಗೆ ಬಿಡೂಕಿಂತ ಮೊದಲ ನೋಡು. ಬ್ರೇಕು ಗಾಲಿಗೆ ತಾಗಬೇಕು."

ಭಾನುವಾರ ಗಿರಮಲ್ಲ ನೋಡಿದ. ತಾಗಿರಲಿಲ್ಲ. ಸುತಳಿ ತಂದು, ಸೀಟಿನ ಕೆಳಗೆ ಹಿಂದಿನ ಬ್ರೇಕನ್ನು ತಾಗುವ ಹಾಗೆ ಬಿಗಿದ.

ಹತ್ತು ಕಿಲೋಮೀಟರು ತಂಗೆವ್ವ ಹಲ್ಲು ಕಚ್ಚಿ ತುಳಿದಳು. ಹನ್ನೆರಡು ಹುಡುಗಿಯರಲ್ಲಿ ಐದನೆಯವಳಾಗಿ ಬಂದು ಸೈಕಲ್ಲಿನ ಸಮೇತ ಬಿದ್ದಳು. ಎತ್ತಲು ಬಂದ ಕೋಚ್ ಸಾಹೇಬರು ಹಿಂದಿನ ಗಾಲಿ ತಿರುಗಿಸಿದರು. ಅರ್ಧ ಸುತ್ತಿಗೇ ಹಿಡಿದು ನಿಂತಿತು. ಸುತಳಿ ನೋಡಿದರು, ಹುಡುಗಿಯ ಕಾಲು ನೋಡಿದರು, ಹಾಸ್ಟೆಲಿನ ಪಟ್ಟಿಯಲ್ಲಿ ಮೊದಲು ಬಂದವಳ ಹೆಸರಿಗಿಂತ ಮೇಲೆ ಇವಳ ಹೆಸರು ಬರೆದರು.

ಚಂದವ್ವ ಜನ್ಮದಲ್ಲಿ ಮೊದಲ ಸಲ ಮಗನ ಬೆನ್ನು ತಟ್ಟಿದಳು. "ನೀ ಬ್ರೇಕು ಕಟ್ಟಿದ್ದಕ್ಕ ನಮಗ ಒಳ್ಳೇದಾತು ನೋಡು. ಕೋಚ್ ಸಾಹೇಬರು ದೊಡ್ಡ ಉಪಕಾರ ಮಾಡ್ಯಾರ. ನಾವೂ ಅವರಿಗೆ ಒಳ್ಳೇದು ಮಾಡಬೇಕಪ್ಪ."

ಕಣ್ಣೊರೆಸಿಕೊಂಡು ತಿರುಗುವಷ್ಟರಲ್ಲಿ ಮಗ ಪಕ್ಕದಲ್ಲಿರಲಿಲ್ಲ. ಸಾಹೇಬರ ಮೋಟರ್ ಸೈಕಲ್ಲಿನ ಹಿಂದಿನ ಗಾಲಿಯ ಹತ್ತಿರ ಕುಕ್ಕರುಗಾಲಿನಲ್ಲಿ ಕೂತಿದ್ದ. ಉಳಿದ ಸುತಳಿ ಕೈಯಲ್ಲಿತ್ತು.