ಬಿರಿಯದ ಬೆಸುಗೆ

“ಗುರುಗಳೇ, ನಾಲ್ಕು ಜನರ ಎದುರು ಒಬ್ಬರ ಮೇಲೆ ಸುಳ್ಳೇ ತಪ್ಪು ಹೊರಿಸಿದೆ. ಆಮೇಲೆ ಹೋಗಿ ಕ್ಷಮೆಯನ್ನೂ ಕೇಳಿದೆ. ಆದರೂ ಅವರ ಮುಖ ನೋಡಲು ನಾಚಿಕೆಯಾಗುತ್ತದೆ. ಕ್ಷಮೆ ಕೇಳಿದ ಮೇಲೂ ಈ ನಾಚಿಕೆ ಏಕೆ ಉಳಿಯುತ್ತದೆ?” ಎಂದು ಶಿಷ್ಯ ಕೇಳಿದ.

ಗುರುಗಳು ಸನ್ಯಾಸಕ್ಕೆ ಮೊದಲು ಹತ್ತು ವರ್ಷ ಗ್ಯಾರೇಜಿನಲ್ಲಿ ಕೈ ಕಪ್ಪು ಮಾಡಿಕೊಂಡವರು. ಅವರ ದೃಷ್ಟಾಂತಗಳಲ್ಲಿ ಹುಲಿ, ಹಸುಗಳಿಗಿಂತ ನಟ್ಟು ಬೋಲ್ಟುಗಳೇ ಹೆಚ್ಚು. ಅವರು ಈ ಕತೆ ಹೇಳಿದರು.

ಒಬ್ಬ ಮೆಕ್ಯಾನಿಕ್ ಇದ್ದ. ಬಿಡಿಭಾಗಗಳನ್ನು ತರಿಸಿ, ಎರಡು ವರ್ಷ ಕೂತು, ತಾನೇ ಒಂದು ಕಾರು ಜೋಡಿಸಿದ. ಅದರ ಇಂಜಿನ್‌ಗೆ ಟರ್ಬೊ ಕೂರಿಸಿದ. ಟರ್ಬೊ ಎಂದರೆ ಹೊರಹೋಗುವ ಹೊಗೆಯ ರಭಸಕ್ಕೇ ತಿರುಗಿ ಇಂಜಿನ್‌ಗೆ ಗಾಳಿ ಒತ್ತುವ ಚಕ್ರ. ಅದರಿಂದ ಬಲವೂ ಜಾಸ್ತಿ, ಕಾವೂ ಜಾಸ್ತಿ. ಆ ಬಿಸಿ ಹೊಗೆಯನ್ನು ಹಿಂದಕ್ಕೆ ಒಯ್ಯುವ ಸೈಲೆನ್ಸರ್ ಪೈಪಿನ ನಕ್ಷೆಯನ್ನು ಅವನೇ ಬರೆದ. ಗೀಟು ಎಳೆದಂತೆ ನೇರ, ಒಂದೇ ಒಂದು ಬಾಗು. ನಕ್ಷೆಯನ್ನು ಗೋಡೆಗೆ ಅಂಟಿಸಿ ದಿನಾ ನೋಡಿ ಖುಷಿಪಡುತ್ತಿದ್ದ.

ಪೈಪು ಬೆಸೆಯಲು ಅದೇ ಬೀದಿಯ ಒಬ್ಬ ವೆಲ್ಡರ್ ಬಂದ. ನಕ್ಷೆ ನೋಡಿ ತಲೆ ಕೆರೆದುಕೊಂಡ. ಇಂಜಿನ್ ರಬ್ಬರಿನ ಮೇಲೆ ಕೂತಿದೆ, ಅಲುಗಾಡುತ್ತದೆ. ಪೈಪು ಕಾದರೆ ಹಿಗ್ಗುತ್ತದೆ. ನಡುವೆ ಬಳುಕುವ ಒಂದು ಜೋಡಣೆ ಇರಲಿ ಎಂದ. ಮೆಕ್ಯಾನಿಕ್‌ಗೆ ತನ್ನ ನೇರ ಗೆರೆಯ ನಡುವೆ ಆ ಗಂಟು ಬೇಡವಾಗಿತ್ತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಹೇಳಿದಷ್ಟು ಮಾಡು ಎಂದ. ವೆಲ್ಡರ್ ಹೇಳಿದಷ್ಟು ಮಾಡಿದ.

ಆಯುಧಪೂಜೆಯ ದಿನ ಕಾರಿಗೆ ಹಾರ ಹಾಕಿ, ಚಕ್ರದಡಿ ನಿಂಬೆಹಣ್ಣಿಟ್ಟು, ಬೀದಿಯವರೆಲ್ಲರ ಎದುರು ಮೆಕ್ಯಾನಿಕ್ ಕಾರು ಹೊರಡಿಸಿದ. ಊರು ಒಂದು ಸುತ್ತು ಹಾಕಿ ಬರುವಷ್ಟರಲ್ಲಿ ಪೈಪು ಬಿರಿದು ಕಾರು ಟ್ರ್ಯಾಕ್ಟರಿನಂತೆ ಅರಚತೊಡಗಿತು. ಜನ ನಕ್ಕರು. ಮೆಕ್ಯಾನಿಕ್‌ಗೆ ಅವಮಾನವಾಯಿತು. ಕಾರಿನಿಂದ ಇಳಿದವನೇ, ಪ್ರಸಾದದ ಮಂಡಕ್ಕಿ ತಿನ್ನುತ್ತ ನಿಂತಿದ್ದ ವೆಲ್ಡರ್ ಕಡೆ ಕೈ ತೋರಿಸಿ, “ಬೆಸುಗೆ ಹಾಕೋಕೆ ಬರದೋನ ಕೈಗೆ ಕೊಟ್ಟೆ ನೋಡಿ, ಅದಕ್ಕೆ ಹೀಗಾಯ್ತು” ಎಂದ. ವೆಲ್ಡರ್ ಮಂಡಕ್ಕಿಯ ಪೊಟ್ಟಣ ಮಡಚಿಕೊಂಡು ಮನೆಗೆ ಹೋದ.

ಮರುದಿನ ಮೆಕ್ಯಾನಿಕ್ ಪೈಪು ಬಿಚ್ಚಿ ನೋಡಿದ. ಬೆಸುಗೆ ಕೂದಲೆಳೆಯಷ್ಟೂ ಬಿಟ್ಟಿರಲಿಲ್ಲ. ಪೈಪು ಬಿರಿದದ್ದು ಅಲ್ಲಿಂದ ನಾಲ್ಕು ಬೆರಳು ಆಚೆ, ತಾನೇ ಬರೆದ ಬಾಗಿನಲ್ಲಿ. ಅವನು ಸದ್ದಿಲ್ಲದೆ ಆ ಬಳುಕುವ ಜೋಡಣೆಯನ್ನು ತರಿಸಿ ಹೊಸ ಪೈಪಿಗೆ ಕೂರಿಸಿದ. ಕಾರು ಸೊಗಸಾಗಿ ಓಡಿತು. ಆದರೆ ಆ ಹೊತ್ತಿಗೆ ಬೀದಿಯವರು ತಮ್ಮ ಗೇಟು, ಕಿಟಕಿಗಳ ಕೆಲಸವನ್ನು ಬೇರೆ ಕಡೆ ಒಯ್ಯತೊಡಗಿದ್ದರು. ವೆಲ್ಡರ್‌ನ ಅಂಗಡಿಯಲ್ಲಿ ಕಿಡಿ ಹಾರುವುದೇ ಅಪರೂಪವಾಯಿತು. ಅದರ ಮುಂದೆ ಹಾಯಲು ನಾಚಿ ಮೆಕ್ಯಾನಿಕ್ ಸುತ್ತು ಬಳಸಿ ಹೋಗುತ್ತಿದ್ದ. ಯಾರಾದರೂ ಬೆಸುಗೆಯ ಮಾತೆತ್ತಿದರೆ ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದ. ಕಾರನ್ನು ಹೊಗಳಿದರಂತೂ ಅವನಿಗೆ ಅನ್ನ ಸೇರುತ್ತಿರಲಿಲ್ಲ.

ಕೊನೆಗೆ ತಡೆಯಲಾರದೆ ಒಂದು ಮಧ್ಯಾಹ್ನ ಹೋದ. ಅಂಗಡಿಯ ಬಾಗಿಲನ್ನು ಒಳಗಿನಿಂದ ಎಳೆದುಕೊಂಡು ಎಲ್ಲವನ್ನೂ ಹೇಳಿದ. ತಪ್ಪು ನನ್ನದು, ನಿನ್ನ ಬೆಸುಗೆ ಗಟ್ಟಿಯಾಗಿತ್ತು ಎಂದು ಕೈ ಮುಗಿದ. ಅತ್ತೂ ಬಿಟ್ಟ.

ವೆಲ್ಡರ್ ಪೂರ್ತಿ ಕೇಳಿಸಿಕೊಂಡ. “ನನ್ನ ಬೆಸುಗೆ ಗಟ್ಟಿ ಅಂತ ನಂಗೆ ಅವತ್ತೇ ಗೊತ್ತಿತ್ತು ಮೇಸ್ತ್ರಿ,” ಎಂದ. “ಗೊತ್ತಿಲ್ಲದೋರು ಆಚೆ ಇದ್ದಾರೆ.”

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯ, ಆಮೇಲೆ ಆ ಮೆಕ್ಯಾನಿಕ್ ಬಾಗಿಲು ತೆರೆದನೇ ಎಂದು ಕೇಳಿದ.

“ನೀನು ಕ್ಷಮೆ ಕೇಳಿದಾಗ ಅಲ್ಲಿ ಬೇರೆ ಯಾರಿದ್ದರು?” ಎಂದರು ಗುರುಗಳು.

“ಯಾರೂ ಇರಲಿಲ್ಲ,” ಎಂದ ಶಿಷ್ಯ.